ಸಂಚಾರಿ ಮನೆಗೆ ಹಳೆಯ ಬಸ್: ಹರಾಜಿನದೋ, ಸ್ಲೀಪರೋ, ಶಾಲೆಯ ಮಿನಿಬಸ್ಸೋ?

ಪ್ರಶ್ನೆ
ಜೇವರ್ಗಿ ರಸ್ತೆಯವ, ಕಲಬುರಗಿ

ಎಲ್ಲರಿಗೂ ಶರಣು. ಹಳೆಯ ಬಸ್ಸೊಂದನ್ನು ಕೊಂಡು, ಸೀಟುಗಳನ್ನು ತೆಗೆಸಿ, ಮಲಗುವುದಕ್ಕೆ, ಅಡುಗೆಗೆ, ಸ್ನಾನ ಮತ್ತು ಶೌಚಕ್ಕೆ ಅನುಕೂಲ ಮಾಡಿಕೊಂಡು ಊರೂರು ತಿರುಗಬೇಕೆಂಬ ಆಸೆ ನನಗೂ ನಮ್ಮ ಮನೆಯವರಿಗೂ ಬಹಳ ಹಳೆಯದು. ಪದವಿಪೂರ್ವ ಕಾಲೇಜಿನ ಪಾಠದ ಕೆಲಸದಿಂದ ಕಳೆದ ವರ್ಷ ನಿವೃತ್ತನಾದ ಮೇಲೆ ಸಮಯಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಗಾಡಿಯ ತಿಳಿವಳಿಕೆಗೆ. ಜೊತೆಗೆ 78 ವರ್ಷದ ನನ್ನ ತಾಯಿಯವರೂ ಬರುತ್ತಾರೆ. ಮೊದಲು ಗಾಣಗಾಪುರ, ಅಕ್ಕಲಕೋಟ, ಪಂಢರಪುರದಂಥ ಹತ್ತಿರದ ಕ್ಷೇತ್ರಗಳನ್ನು ಮುಗಿಸಿಕೊಂಡು, ಗಾಡಿಯ ಮೇಲೆ ನಂಬಿಕೆ ಬಂದ ಮೇಲೆ ಶ್ರೀಶೈಲಕ್ಕೆ, ಆನಂತರ ಕಾಶಿಗೆ ಹೋಗಬೇಕೆಂದು ಮನಸ್ಸಿನಲ್ಲಿದೆ.

ಸದ್ಯ ಮೂರು ಬಸ್ಸುಗಳು ನೋಟಕ್ಕೆ ಬಂದಿವೆ. ಒಂದು, ಸರ್ಕಾರಿ ಸಾರಿಗೆಯ ಹರಾಜಿನಿಂದ ಬಂದದ್ದೆಂದು ವ್ಯಾಪಾರಿಯೊಬ್ಬರು ಹೇಳುತ್ತಿರುವ ದೊಡ್ಡ ಬಸ್. ಬೆಲೆ ಎರಡೂಕಾಲು ಲಕ್ಷ. ಇನ್ನೊಂದು, ಹೈದರಾಬಾದಿನಲ್ಲಿರುವ 12 ಮೀಟರ್ ಉದ್ದದ ಸ್ಲೀಪರ್ ಬಸ್, 2013ರ ಮಾಡೆಲ್; ಬರ್ತುಗಳು ಮೊದಲೇ ಇರುವುದರಿಂದ ಅರ್ಧ ಕೆಲಸ ಮುಗಿದ ಹಾಗೆಯೇ ಎಂಬುದು ದಲ್ಲಾಳಿಯ ಮಾತು. ಮತ್ತೊಂದು, ಸೇಡಂ ರಸ್ತೆಯ ಕಡೆಯ ಶಾಲೆಯೊಂದರ ಟಾಟಾ ಮಿನಿಬಸ್, 2015ರದು, 28 ಸೀಟು, ಮೀಟರಿನಲ್ಲಿ 94 ಸಾವಿರ ಕಿ.ಮೀ. ತೋರಿಸುತ್ತಿದೆ, ಇದಕ್ಕೆ ನಾಲ್ಕೂವರೆ ಲಕ್ಷ ಕೇಳುತ್ತಿದ್ದಾರೆ. ಒಳಗಿನ ಕೆಲಸಕ್ಕೆಂದು ಬೇರೆ ಐದು ಲಕ್ಷ ಇಟ್ಟುಕೊಂಡಿದ್ದೇನೆ. ನನ್ನಲ್ಲಿರುವುದು ಕಾರಿನ ಲೈಸೆನ್ಸ್ ಮಾತ್ರ. ದಾರಿಯಲ್ಲಿ ಕೈಕೊಡದ ಬಸ್ಸನ್ನು ಗುರುತಿಸುವುದು ಹೇಗೆ, ಈ ಮೂರರಲ್ಲಿ ಯಾವುದನ್ನು ಕೈಬಿಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ
ಹುಮನಾಬಾದ್ ನಾಕಾ

ಸರ್, ನಮಸ್ಕಾರ. ಎಲ್ಲರೂ ಇಂಜಿನ್ನಿನಿಂದ ಶುರುಮಾಡುತ್ತಾರೆ. ನಾನು ಕಾಗದದಿಂದ ಶುರುಮಾಡುತ್ತೇನೆ, ಏಕೆಂದರೆ ಕೆಟ್ಟ ಇಂಜಿನ್ನನ್ನು ಎರಡು ಲಕ್ಷ ಖರ್ಚು ಮಾಡಿದರೆ ಸರಿಪಡಿಸಬಹುದು, ಕೆಟ್ಟ ಕಾಗದವನ್ನು ಎಷ್ಟು ಖರ್ಚು ಮಾಡಿದರೂ ಸರಿಪಡಿಸಲಾಗದು. ಆರು ವರ್ಷಗಳ ಹಿಂದೆ ನಾನೂ ಇದೇ ಹುಚ್ಚು ಹತ್ತಿ ಪಕ್ಕದ ರಾಜ್ಯದಿಂದ ಒಂದು ಬಸ್ ತಂದೆ. ಹಳೆಯ ಮಾಲೀಕರು ಸಾಲ ತೀರಿಸಿದ್ದರು, ಆದರೆ ಆರ್‌ಸಿಯಲ್ಲಿದ್ದ, ಅಂದರೆ ನೋಂದಣಿ ಪತ್ರದಲ್ಲಿದ್ದ, ಸಾಲದ ನಮೂದನ್ನು ತೆಗೆಸಿರಲಿಲ್ಲ. ಸಾಲ ತೀರಿತೆಂದು ತಿಳಿಸುವ ಫಾರ್ಮ್ 35ಕ್ಕೆ ಸಹಿ ಹಾಕಬೇಕಾದ ಹಣಕಾಸು ಕಂಪನಿಯ ಶಾಖೆ ಮುಚ್ಚಿಹೋಗಿತ್ತು. ಅದು ಬಗೆಹರಿಯುವವರೆಗೆ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಸಿಗಲಿಲ್ಲ, ಎನ್‌ಒಸಿ ಇಲ್ಲದೆ ಇಲ್ಲಿ ನಮ್ಮ ಹೆಸರಿಗೆ ಆಗಲಿಲ್ಲ. ಹನ್ನೊಂದು ತಿಂಗಳು ಬಸ್ ಹೊಲದಲ್ಲಿ ನಿಂತು, ಅದರಡಿಯಲ್ಲಿ ನಾಯಿ ಮರಿ ಹಾಕಿತು.

ಆದುದರಿಂದ ನಿಮ್ಮ ಮೊದಲನೆಯ ಬಸ್ಸನ್ನು ಈಗಲೇ ಮರೆತುಬಿಡಿ. ಸರ್ಕಾರದ ಮತ್ತು ರಾಜ್ಯ ಸಾರಿಗೆ ಸಂಸ್ಥೆಗಳ ವಾಹನಗಳು 15 ವರ್ಷ ದಾಟಿದವೆಂದರೆ, 2023ರ ಏಪ್ರಿಲ್ 1ರಿಂದ ಅವುಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ಗುಜರಿಗೇ ಹೋಗಬೇಕು. ಎರಡೂಕಾಲು ಲಕ್ಷಕ್ಕೆ ಬರುವ ದೊಡ್ಡ ಬಸ್ಸಿನಲ್ಲಿ ನೀವು ಕೊಳ್ಳುತ್ತಿರುವುದು ಕಬ್ಬಿಣವನ್ನು. ಅದನ್ನು ಹೊಲದಲ್ಲಿಟ್ಟು ಕೋಣೆ ಮಾಡಿಕೊಳ್ಳಬಹುದು, ರಸ್ತೆಗೆ ಇಳಿಸಲಾಗದು. ವ್ಯಾಪಾರಿ ಇಲ್ಲವೆಂದು ವಾದಿಸಿದರೆ ನೋಂದಣಿ ಸಂಖ್ಯೆ ಕೇಳಿ ಪಡೆದು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಆರ್‌ಸಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಅಲ್ಲಿಯೇ ಕಾಣುತ್ತದೆ.

ಇನ್ನು ಮಾರ್ಪಾಡಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗದಂತೆ ಏನನ್ನೂ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಆರ್‌ಟಿಒ ಅನುಮತಿಯನ್ನು ಮೊದಲು ಪಡೆಯಬೇಕು, ಕೆಲಸವಾದ 14 ದಿನಗಳೊಳಗೆ ತಿಳಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗ ಕೇಂದ್ರ ಸರ್ಕಾರದ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಇದೆ. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಅಂದರೆ ದಾರಿ ಇದೆ, ಆದರೆ ಅದು ಸೀಟು ಕಿತ್ತು ಮಂಚ ಹಾಕಿದರೆ ಆಯಿತು ಎನ್ನುವಷ್ಟು ಸರಳವಲ್ಲ. ಮುಂಗಡ ಕೊಡುವ ಮೊದಲೇ ಆ ಬಸ್ಸಿನ ಆರ್‌ಸಿ ಪ್ರತಿ ಹಿಡಿದುಕೊಂಡು ನಮ್ಮ ಕಲಬುರಗಿಯ ಆರ್‌ಟಿಒ (ಕೆಎ-32) ಕಚೇರಿಗೆ ಹೋಗಿ, ಯಾವ ನಕ್ಷೆ ಬೇಕು, ಯಾರ ಪ್ರಮಾಣಪತ್ರ ಬೇಕು ಎಂದು ಅರ್ಜಿ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿಗೆ "ಆಗ್ತದ್ರಿ" ಎಂದವರು ನೀವು ಬಸ್ ತರುವಷ್ಟರಲ್ಲಿ ವರ್ಗವಾಗಿ ಹೋಗಿರುತ್ತಾರೆ.

ಶಾಲೆಯ ಬಸ್ಸಾದರೆ ಇನ್ನೆರಡು ಮಾತು. ಬಸ್ ಇರುವುದು ಶಿಕ್ಷಣ ಸಂಸ್ಥೆಯ ಹೆಸರಿನಲ್ಲಿ. ಮಾರುವುದಕ್ಕೆ ಆಡಳಿತ ಮಂಡಳಿಯ ಠರಾವು ಬೇಕು, ಮುಖ್ಯೋಪಾಧ್ಯಾಯರ ಸಹಿ ಸಾಲದು. ಆಮೇಲೆ ಆ ಹಳದಿ ಬಣ್ಣ ಶಾಲಾ ವಾಹನದ ಗುರುತು. ಅದನ್ನು ಬದಲಿಸಬೇಕು, ಬದಲಿಸಿದ ಬಣ್ಣವೂ ಆರ್‌ಸಿಗೆ ಏರಬೇಕು.

ಉತ್ತರ
ಡೀಸೆಲ್ ಮಿಸ್ತ್ರಿ, ಕಪನೂರ

ಮೇಲಿನವರು ಕಾಗದದ ಮಾತು ಹೇಳಿದ್ದಾರೆ, ನಾನು ಗಾಡಿಯ ಮಾತು ಹೇಳುತ್ತೇನೆ. ಆದರೆ ನಾನೂ ಇಂಜಿನ್ನಿನಿಂದ ಶುರುಮಾಡುವುದಿಲ್ಲ ಸರ್, ಚಾಸಿಯಿಂದ, ಅಂದರೆ ಗಾಡಿಯನ್ನು ಹೊತ್ತ ಅಡಿಯ ಚೌಕಟ್ಟಿನಿಂದ ಶುರುಮಾಡುತ್ತೇನೆ.

ಮೊದಲು ಒಂದು ಲೆಕ್ಕ. ಶಾಲೆಯ ಬಸ್ ದಿನಕ್ಕೆ ಐವತ್ತು ಕಿ.ಮೀ.ನಂತೆ ವರ್ಷಕ್ಕೆ 220 ದಿನ ಓಡಿದರೆ 11 ಸಾವಿರ ಕಿ.ಮೀ. ಆಗುತ್ತದೆ, ಎಂಟೊಂಬತ್ತು ವರ್ಷಕ್ಕೆ 94 ಸಾವಿರವೆಂಬುದು ನಂಬುವಂಥದೇ. ಹೈದರಾಬಾದಿನಿಂದ ಬೆಂಗಳೂರಿಗೆ ಒಂದು ದಿಕ್ಕಿಗೇ 570 ಕಿ.ಮೀ. ಆಸುಪಾಸು, ಆ ದಾರಿಯ ಸ್ಲೀಪರ್ ಬಸ್ ವರ್ಷಕ್ಕೆ 300 ರಾತ್ರಿ ಓಡಿದರೆ ಒಂದು ಲಕ್ಷ ಎಪ್ಪತ್ತು ಸಾವಿರ ದಾಟುತ್ತದೆ. 2013ರ ಬಸ್ ಎಷ್ಟು ಓಡಿರಬಹುದೆಂದು ನೀವೇ ಗುಣಿಸಿಕೊಳ್ಳಿ, ಗಣಿತ ನನಗಿಂತ ನಿಮಗೆ ಚೆನ್ನಾಗಿ ಬರುತ್ತದೆ. ಹಾಗೆಂದು ಮೀಟರನ್ನೇ ನಂಬಬೇಡಿ. ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್ ಸವೆದು ನುಣ್ಣಗಾಗಿದೆಯೇ, ಚಾಲಕನ ಬಾಗಿಲಿನ ಹಿಡಿಕೆ ಸವೆದಿದೆಯೇ ನೋಡಿ. ಅವು ಸುಳ್ಳು ಹೇಳುವುದಿಲ್ಲ.

ಚಾಸಿ ನೋಡಲು ಹಳೆಯ ಅಂಗಿ ಹಾಕಿಕೊಂಡು, ಬ್ಯಾಟರಿ ದೀಪ ಹಿಡಿದು, ಕೆಳಗೆ ಮಲಗಲೇಬೇಕು. ಹಿಂದಿನ ಪಾಟಾ (ಪಟ್ಟಿಯ ಸ್ಪ್ರಿಂಗ್) ಚಾಸಿಗೆ ಕೂಡುವ ಬ್ರಾಕೆಟ್ಟುಗಳ ಸುತ್ತ, ಅಡ್ಡ ತೊಲೆಗಳ ಕೂಡಿನಲ್ಲಿ, ಮತ್ತು ಹಿಂಚಕ್ರದಿಂದ ಆಚೆಗೆ ಚಾಚಿದ ಭಾಗದಲ್ಲಿ ಬಿರುಕು, ವೆಲ್ಡಿಂಗ್ ಅಥವಾ ತೇಪೆ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಇಡೀ ಗಾಡಿ ಧೂಳಾಗಿದ್ದು ಚಾಸಿ ಮಾತ್ರ ಹೊಸ ಕಪ್ಪು ಬಣ್ಣದಿಂದ ಮಿಂಚುತ್ತಿದ್ದರೆ ಅಲ್ಲಿ ಏನನ್ನೋ ಮುಚ್ಚಿದ್ದಾರೆ ಎಂದೇ ತಿಳಿಯಿರಿ. ಚಾಸಿ ನಂಬರ್ ಕೊರೆದ ಜಾಗದಲ್ಲಿ ಬಿಳಿ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಇಂಜಿನ್ ನಂಬರನ್ನೂ ಬಿಡಬೇಡಿ. ಆಮೇಲೆ ಖಾಲಿ ರಸ್ತೆಯಲ್ಲಿ ಬಸ್ಸನ್ನು ನೇರ ಓಡಿಸಲು ಹೇಳಿ, ನೀವು ಹಿಂದೆ ಸ್ಕೂಟರಿನಲ್ಲಿ ಹೋಗಿ. ಹಿಂಚಕ್ರಗಳು ಮುಂಚಕ್ರಗಳ ಜಾಡಿನಲ್ಲಿಯೇ ಬರಬೇಕು. ಬಸ್ ಓರೆಯಾಗಿ, ಏಡಿಯಂತೆ ನಡೆಯುತ್ತಿದ್ದರೆ ಒಂದೋ ಪಾಟಾದ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿದೆ, ಇಲ್ಲವೇ ಅಪಘಾತದಲ್ಲಿ ಚಾಸಿ ಬಾಗಿದೆ. ಸರಿದದ್ದಾದರೆ ಸಣ್ಣ ಕೆಲಸ. ಬಾಗಿದ್ದಾದರೆ ಆ ಬಸ್ ಬೇಡ.

ಇಂಜಿನ್ ನೋಡಲು ಬೆಳಿಗ್ಗೆಯೇ ಹೋಗಬೇಕು. ನೀವು ತಲುಪುವ ಮೊದಲೇ ಮಾರುವವರು ಚಾಲು ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇನೆಂದು ಹೇಳಿ ತಿರುಗಿ ಬನ್ನಿ. ತಣ್ಣಗಿನ ಇಂಜಿನ್ ಎರಡು ಮೂರು ಸುತ್ತಿನೊಳಗೆ ಚಾಲು ಆಗಬೇಕು. ಮೊದಲಿಗೆ ಒಂದಿಷ್ಟು ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ ಎಂದರ್ಥ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದನ್ನೇ ಬಾಯಿಯ ಮೇಲೆ ಬೋರಲಾಗಿ ಇಡಿ. ಮುಚ್ಚಳ ಅಲುಗಾಡಿದರೆ ಸರಿ, ಹಾರಿಬಿದ್ದು ಬುಸುಬುಸು ಹೊಗೆ ಹೊರಟರೆ ಅದನ್ನೇ ನಾವು ಬ್ಯಾಕ್ ಕಂಪ್ರೆಷನ್ ಎನ್ನುವುದು. ರಿಂಗ್, ಲೈನರ್ ಮುಗಿದಿವೆ, ಇಂಜಿನ್ ಬಿಚ್ಚಲೇಬೇಕು. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಬಣ್ಣ ತೇಲುತ್ತಿದ್ದರೂ, ಗುಳ್ಳೆ ಏಳುತ್ತಿದ್ದರೂ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆಗೆಯಿರಿ.

ಟ್ರಯಲ್ ನೋಡುವಾಗ ಊರೊಳಗೆ ಸುತ್ತಬೇಡಿ, ಹೆದ್ದಾರಿಗೆ ಹತ್ತಿಸಿ ಕನಿಷ್ಠ ಮೂವತ್ತು ಕಿ.ಮೀ. ಓಡಿಸಿ. ಅರವತ್ತರ ವೇಗದಲ್ಲಿ ಎಕ್ಸಲರೇಟರ್ ಬಿಟ್ಟಾಗ ಹಿಂದಿನಿಂದ ಗುಂಯ್ ಎಂಬ ಸದ್ದು ಬಂದರೆ ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರ, ಅಂದರೆ ಕ್ರೌನ್ ಪಿನಿಯನ್ ಸವೆದಿದೆ. ಏರ್ ಬ್ರೇಕ್ ಇದ್ದರೆ ಗೇಜ್ ತುಂಬಿದ ಮೇಲೆ ಇಂಜಿನ್ ನಿಲ್ಲಿಸಿ, ಚಹಾ ಕುಡಿದು ಬಂದು ಮುಳ್ಳು ಎಷ್ಟು ಇಳಿದಿದೆ, ಅಂದರೆ ಗಾಳಿ ಎಷ್ಟು ಸೋರಿದೆ ನೋಡಿ. ಟಯರ್ ಮೇಲಿನ ನಾಲ್ಕು ಅಂಕಿಯ ಗುರುತು ಓದಿ: 1519 ಎಂದಿದ್ದರೆ 2019ರ ಹದಿನೈದನೆಯ ವಾರದಲ್ಲಿ ತಯಾರಾದದ್ದು. ಶಾಲೆಯ ಬಸ್ಸುಗಳ ಟಯರಿಗೆ ಹಲ್ಲು ಧಾರಾಳವಾಗಿ ಉಳಿದಿರುತ್ತದೆ, ಆದರೆ ಏಪ್ರಿಲ್, ಮೇ ತಿಂಗಳುಗಳ ರಜೆಯಲ್ಲಿ ನಮ್ಮ ಬಿಸಿಲಿಗೆ ನಿಂತು ನಿಂತು ಪಕ್ಕದ ಗೋಡೆ ಸೀಳು ಬಿಟ್ಟಿರುತ್ತದೆ. ಆರು ಟಯರ್ ಹೊಸದಾಗಿ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಇನ್ನೊಂದು ಮಾತು. 2015ರ ನಮ್ಮ ಭಾಗದ ಮಿನಿಬಸ್ ಬಿಎಸ್-3 (ಹೊಗೆಯ ಹಳೆಯ ಮಾನದಂಡ) ಆಗಿರುವ ಸಂಭವವೇ ಹೆಚ್ಚು, ಏಕೆಂದರೆ ದೇಶಕ್ಕೆಲ್ಲ ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದರಲ್ಲಿ ಹಳೆಯ ಪದ್ಧತಿಯ ಡೀಸೆಲ್ ಪಂಪ್ ಇದ್ದರೆ ಯಾವ ಹಳ್ಳಿಯ ಮಿಸ್ತ್ರಿಯೂ ಕೈಹಾಕುತ್ತಾನೆ. ಸೆನ್ಸರ್, ಸ್ಕ್ಯಾನರ್ ಎಂದು ಟೋಯಿಂಗ್ ಮಾಡಿಸಿಕೊಂಡು ಶೋರೂಮಿಗೆ ಹೋಗುವ ಪ್ರಸಂಗವಿಲ್ಲ. ನನ್ನ ಮತ ಇದಕ್ಕೇ.

ಉತ್ತರ
ನಿವೃತ್ತ ಚಾಲಕ, ಬೀದರ

ಮಿಸ್ತ್ರಿಯವರ ಪರೀಕ್ಷೆಗಳೆಲ್ಲ ಸರಿಯಾಗಿವೆ, ಕೊನೆಯ ಮಾತೊಂದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಬಿಎಸ್-4 ಬಂದ ಮೇಲೆ ಎಂಟು ವರ್ಷ ಅಂಥ ಗಾಡಿಗಳನ್ನೇ ಓಡಿಸಿದ್ದೇನೆ; ಡೀಸೆಲ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿ, ನೀರು ಸೇರದಂತೆ ನೋಡಿಕೊಂಡರೆ ಅವು ತೊಂದರೆ ಕೊಡುವುದು ಅಪರೂಪ. ಉತ್ತರದ ಕಡೆ ಹೋಗುವವರಿಗೆ ಇನ್ನೊಂದು ಅಡಚಣೆಯೂ ಇದೆ: ದೆಹಲಿಯ ಸುತ್ತಿನ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ 2015ರಿಂದ ಬಂದ ಆದೇಶಗಳಿವೆ, ಹಳೆಯ ಬಿಎಸ್-3 ಗಾಡಿಗೆ ಅಲ್ಲಿ ಹೆಚ್ಚು ಕಷ್ಟ. ಕಾಶಿಯ ತನಕ ಮಾತ್ರ ಹೋಗುವುದಾದರೆ ಆ ಚಿಂತೆ ಬೇಡ. ಹರಿದ್ವಾರ, ಕೇದಾರದ ಆಸೆ ಮುಂದೆ ಹುಟ್ಟಿದರೆ ಬಳಸು ದಾರಿ ಹಿಡಿಯಬೇಕಾಗುತ್ತದೆ. ಬಿಎಸ್-6 ಮಾತ್ರ ನಿಮ್ಮ ಹಣಕ್ಕೆ ಬರುವುದೂ ಇಲ್ಲ, ಯೂರಿಯಾ ದ್ರಾವಣ, ಹೊಗೆ ಫಿಲ್ಟರ್ ಎಂಬ ಹೊಸ ರಗಳೆಯೂ ಬೇಡ.

ಲೈಸೆನ್ಸಿನ ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಕಾರಿನ, ಅಂದರೆ ಹಗುರ ವಾಹನದ ಎಲ್‌ಎಂವಿ ಲೈಸೆನ್ಸಿನ ಮಿತಿ 7,500 ಕೆ.ಜಿ. ಆ ತೂಕದೊಳಗಿನ ಸಾರಿಗೆ ವಾಹನವನ್ನೂ ಅದೇ ಲೈಸೆನ್ಸಿನಲ್ಲಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಮಿನಿಬಸ್ಸಿನ ಆರ್‌ಸಿಯಲ್ಲಿ ಒಟ್ಟು ತೂಕದ ಅಂಕಿ ಓದಿ. ಅದು ಈ ಮಿತಿಯೊಳಗಿದ್ದರೆ ನೀವೇ ಓಡಿಸಬಹುದು. 12 ಮೀಟರಿನ ಬಸ್ ಇದರ ಎರಡು ಪಟ್ಟಿಗಿಂತಲೂ ಭಾರ. ಅದಕ್ಕೆ ಹೆವಿ ಲೈಸೆನ್ಸ್ ಬೇಕು, ಅರವತ್ತರ ನಂತರ ಅದನ್ನು ಕಲಿಯುವುದು ಸಾಧ್ಯವಿದ್ದರೂ ಸುಖದ ಕೆಲಸವಲ್ಲ. ಗಾಣಗಾಪುರದ ಓಣಿಗಳಲ್ಲಿ ಅಷ್ಟುದ್ದದ ಗಾಡಿ ತಿರುಗಿಸಲು ಹೋದರೆ ಜಾತ್ರೆಯ ಜನರೆಲ್ಲ ನಿಮ್ಮ ಸುತ್ತಲೇ ಸೇರುತ್ತಾರೆ. ಸ್ಲೀಪರಿನ ಬರ್ತುಗಳ ಮೇಲೆ ನೆಟ್ಟಗೆ ಕೂರಲೂ ಆಗುವುದಿಲ್ಲ. ದಲ್ಲಾಳಿ ಅರ್ಧ ಕೆಲಸ ಮುಗಿದಿದೆ ಎಂದದ್ದು ನಿಜವಾಗಿ ಕೀಳುವ ಕೆಲಸ ಹೆಚ್ಚಾಗಿದೆ ಎಂದು.

ಸ್ಟೇರಿಂಗ್ ಆಟ ನೋಡಲು ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಕ್ ಟಕ್ ಎಂದರೆ ಕಿಂಗ್‌ಪಿನ್ ಅಥವಾ ಬೇರಿಂಗ್ ಹೋಗಿದೆ. ಇದು ದೊಡ್ಡ ಖರ್ಚಲ್ಲ, ಆದರೆ ಗ್ರೀಸ್ ಹಾಕದೆ ಓಡಿಸಿದ ಗಾಡಿ ಎಂಬುದಕ್ಕೆ ಸಾಕ್ಷಿ. ಅಂಥವರು ಉಳಿದದ್ದನ್ನೂ ನೋಡಿಕೊಂಡಿರುವುದಿಲ್ಲ.

ಉತ್ತರ
ಯಾದಗಿರಿಯ ಓದುಗಿ

ಅಣ್ಣನವರೇ, ನೀವೆಲ್ಲರೂ ಬಸ್ಸಿನ ಕೆಳಗೆ ಮಲಗಿ ನೋಡುತ್ತಿದ್ದೀರಿ, ಒಳಗೆ ನಿಂತು ಯಾರೂ ನೋಡಲಿಲ್ಲ. ಮಿನಿಬಸ್ಸುಗಳಲ್ಲಿ ಕೆಲವಕ್ಕೆ ಒಳ ಎತ್ತರ ತೀರ ಕಡಿಮೆ. ಕೆಳಗೆ ಹಲಗೆ, ಮೇಲೆ ಶಾಖ ತಡೆಯುವ ಪದರ ಹಾಕಿದರೆ ಮೂರು ನಾಲ್ಕು ಇಂಚು ಹೋಗುತ್ತದೆ; ಅಷ್ಟು ಕಳೆದ ಮೇಲೂ ನಿಮ್ಮ ಮನೆಯವರು ಬೆನ್ನು ಬಾಗಿಸದೆ ರೊಟ್ಟಿ ಬಡಿಯುವಂತಿರಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವಾಗ ತಗಡಿನ ಛಾವಣಿಯಡಿ ಮಧ್ಯಾಹ್ನ ಕೂರಲಾಗದು, ಆದ್ದರಿಂದ ಆ ಪದರವನ್ನು ಉಳಿಸಲು ಹೋಗಬೇಡಿ. ಇಂಜಿನ್ ಮುಂದೆ, ಚಾಲಕನ ಪಕ್ಕದಲ್ಲಿಯೇ ಇರುವ ಬಸ್ಸಾದರೆ ಅದರ ಕಾವು ಒಳಗೇ ಬರುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಬಾನೆಟ್ಟಿನ ಹತ್ತಿರ ಕೈಯಿಟ್ಟು ನೋಡಿ.

ಹತ್ತುವ ಮೊದಲ ಮೆಟ್ಟಿಲಿನ ಎತ್ತರವನ್ನು ಅಳೆಯಿರಿ. ತಾಯಿಯವರನ್ನೇ ಕರೆದುಕೊಂಡು ಹೋಗಿ ಹತ್ತಿಸಿ ನೋಡಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಬಸ್ ಕೊಳ್ಳುವವರಿಗೆ ಅದು ಸೋರುವುದು ಗೊತ್ತಾಗುವುದಿಲ್ಲ. ಹತ್ತು ನಿಮಿಷ ಛಾವಣಿಯ ಮೇಲೆ ಪೈಪಿನಿಂದ ನೀರು ಬಿಡಿಸಿ, ಒಳಗೆ ಕಿಟಕಿಯ ಮೂಲೆಗಳನ್ನು ಒಣ ಬಟ್ಟೆಯಿಂದ ಒತ್ತಿ ನೋಡಿ. ಆಮೇಲೆ ತುರ್ತು ಬಾಗಿಲನ್ನು ಬಡಗಿಯವರು ಕಪಾಟಿನಿಂದ ಮುಚ್ಚಿಬಿಡುತ್ತಾರೆ. ಗ್ಯಾಸ್ ಇಟ್ಟುಕೊಳ್ಳುವ ಗಾಡಿಯಲ್ಲಿ ಅದಕ್ಕೆ ಒಪ್ಪಲೇಬೇಡಿ.

ಪ್ರಶ್ನೆ ಕೇಳಿದವರು
ಜೇವರ್ಗಿ ರಸ್ತೆಯವ, ಕಲಬುರಗಿ

ಹತ್ತು ದಿನ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮೆ ಇರಲಿ. ಹರಾಜಿನ ಬಸ್ಸಿನ ನಂಬರನ್ನು ಆ್ಯಪಿನಲ್ಲಿ ಹಾಕಿದೆ. ಆರ್‌ಸಿ ರದ್ದಾಗಿದೆ ಎಂದೇ ತೋರಿಸಿತು. ವ್ಯಾಪಾರಿಗೆ ಹೇಳಿದರೆ, ಬೇರೆ ಗಾಡಿಯ ಆರ್‌ಸಿ ಹೊಂದಿಸಿಕೊಡುತ್ತೇನೆ ಎಂದರು. ನಮಸ್ಕಾರ ಹೇಳಿ ಎದ್ದು ಬಂದೆ. ಹೈದರಾಬಾದಿಗೆ ಹೋಗುವ ವಿಚಾರವನ್ನೂ ಬಿಟ್ಟೆ.

ಶಾಲೆಯ ಮಿನಿಬಸ್ಸನ್ನು ಎರಡು ಸಲ ನೋಡಿದೆ. ಒಟ್ಟು ತೂಕ 7,500 ಕೆ.ಜಿ.ಯೊಳಗೇ ಇದೆ. ಚಾಸಿ ನಂಬರಿನ ಅಚ್ಚು ಆರ್‌ಸಿಗೆ ತಾಳೆಯಾಯಿತು. ಮೊದಲ ಸಲ ಹೋದಾಗ ಇಂಜಿನ್ ಬಿಸಿಯಾಗಿತ್ತು. ಎರಡನೆಯ ಸಲ ತಣ್ಣಗಿತ್ತು, ಎರಡನೆಯ ಸುತ್ತಿಗೇ ಹಿಡಿಯಿತು, ಮುಚ್ಚಳ ಅಲುಗಾಡಿತೇ ಹೊರತು ಹಾರಲಿಲ್ಲ. ನೀರು ಬಿಟ್ಟಾಗ ಹಿಂದಿನ ಎಡಗಡೆಯ ಕಿಟಕಿ ಸೋರಿತು, ಅದರ ಕೆಳಗೆ ಚಕ್ರದ ಮೇಲಿನ ಪ್ಲೈವುಡ್ ಕೊಳೆತು ಕಾಲಿಟ್ಟರೆ ಒಳಗೆ ಹೋಗುತ್ತದೆ. ಟಯರುಗಳು 2018ರವು. ತಾಯಿಯವರು ಮೆಟ್ಟಿಲು ಹತ್ತಿ ಚಾಲಕನ ಹಿಂದಿನ ಸೀಟಿನಲ್ಲಿ ಕೂತು, ಇಳಿಯಲು ಒಪ್ಪಲಿಲ್ಲ.

ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ, ಬರಹದ ಉತ್ತರ ಬರುವವರೆಗೆ ಮುಂಗಡ ಕೊಡುವುದಿಲ್ಲವೆಂದು ಶಾಲೆಯವರಿಗೆ ತಿಳಿಸಿದ್ದೇನೆ. ಠರಾವಿನ ಪ್ರತಿಯನ್ನೂ ಕೇಳಿದ್ದೇನೆ. ಉಳಿದಿರುವ ಅನುಮಾನ ಒಂದೇ: ಬಲಗಡೆಯ ಹಿಂದಿನ ಪಾಟಾದ ಬ್ರಾಕೆಟ್ಟಿನ ಹತ್ತಿರ ಒಂದು ಗೇಣು ಉದ್ದದ ವೆಲ್ಡಿಂಗ್ ಗೆರೆ ಇದೆ. ಅದು ಬಾಡಿ ಕಟ್ಟುವಾಗ ಹಾಕಿದ್ದು ಎಂದು ಶಾಲೆಯ ಚಾಲಕರು ಹೇಳುತ್ತಾರೆ. ಮಿಸ್ತ್ರಿಯವರು ಏನು ಹೇಳುತ್ತೀರಿ?

ಉತ್ತರ
ಡೀಸೆಲ್ ಮಿಸ್ತ್ರಿ, ಕಪನೂರ

ಸರ್, ವೆಲ್ಡಿಂಗ್ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಚಾಸಿಯ ಮೇಲೆ ಬಾಡಿ ಕೂರಿಸುವ ತುಂಡು ಪಟ್ಟಿಗೆ ಹಾಕಿದ್ದಾದರೆ ಅದು ಬಾಡಿಯವರದೇ, ತೊಂದರೆಯಿಲ್ಲ. ಚಾಸಿಯ ಉದ್ದ ತೊಲೆಯ ಕೆಳಗಿನ ಮಡಿಕೆಗೆ ಅಡ್ಡಲಾಗಿ ಹಾಕಿದ್ದಾದರೆ ಅಲ್ಲಿ ಬಿರುಕು ಬಂದಿತ್ತೆಂದೇ ಅರ್ಥ. ನೀರಿನ ಟ್ಯಾಂಕು ಹಿಂದೆ ಕೂರಿಸಿ 300 ಲೀಟರ್ ತುಂಬಿದರೆ 300 ಕೆ.ಜಿ. ಅಲ್ಲಿಯೇ ಕುಣಿಯುತ್ತದೆ, ಎರಡು ಮಳೆಗಾಲದಲ್ಲಿ ಮತ್ತೆ ಬಿಡುತ್ತದೆ. ಫೋಟೋ ನೋಡಿ ಇದನ್ನು ಹೇಳಲಾಗದು, ಬಣ್ಣ ಕೆರೆದು ನೋಡಬೇಕು. ಕೊಳೆತ ಪ್ಲೈವುಡ್ ಹೇಗೂ ಬದಲಿಸುವುದೇ, ಅದಕ್ಕೆ ಹೆದರಬೇಡಿ. ಟಯರ್ ಮತ್ತು ತಳ ಸೇರಿ ಬೆಲೆಯಲ್ಲಿ ಮುಕ್ಕಾಲು ಲಕ್ಷವಾದರೂ ಇಳಿಸಲು ಕೇಳಿ.

ಸೋಮವಾರ ಬೆಳಿಗ್ಗೆ ಏಳಕ್ಕೆ ವೈರ್ ಬ್ರಷ್ ತೆಗೆದುಕೊಂಡು ನಾನೇ ಸೇಡಂ ರಸ್ತೆಗೆ ಬರುತ್ತೇನೆ. ಇಂಜಿನ್ ಚಾಲು ಮಾಡಬೇಡಿ ಎಂದು ಶಾಲೆಯವರಿಗೆ ಭಾನುವಾರವೇ ಹೇಳಿಡಿ.